ಹತ್ತು ಪೌಂಡಿನ ಸಭಾಪಾಲಕ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಯಾವ ಹಳ್ಳಿಯನ್ನು ಹೊಕ್ಕರೂ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಇಗರ್ಜಿಯ ಕಲ್ಲಿನ ಗೋಪುರ. ಗೋಪುರದಲ್ಲಿ ಗಂಟೆ, ಸುತ್ತಲೂ ಹುಲ್ಲು ಬೆಳೆದ ಸಮಾಧಿಭೂಮಿ, ಸಮೀಪದಲ್ಲಿಯೇ ಪಾದ್ರಿಯ ಮನೆ. ಆ ಪಾದ್ರಿ ಸಾಮಾನ್ಯವಾಗಿ ಆಕ್ಸ್‌ಫರ್ಡಿನಲ್ಲಿಯೋ ಕೇಂಬ್ರಿಜ್ಜಿನಲ್ಲಿಯೋ ಓದಿ ಬಂದವನು. ಊರಿನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಇಗರ್ಜಿಗೆ ಸಲ್ಲಬೇಕು; ಜಮೀನುದಾರನ ಪಂಕ್ತಿಯಲ್ಲಿ ಪಾದ್ರಿಗೆ ಊಟ. ಆದರೆ ಅನೇಕ ಹಳ್ಳಿಗಳಲ್ಲಿ ಯಾವುದೋ ಓಣಿಯ ಕೊನೆಯಲ್ಲಿ ದೇವರಿಗೆ ಮತ್ತೂ ಒಂದು ಮನೆಯಿದ್ದಿತು. ಅದಕ್ಕೆ ಗೋಪುರವಿಲ್ಲ, ಗಂಟೆಯಿಲ್ಲ. ಹೊರಗಿನಿಂದ ನೋಡಿದರೆ ಕಣಜವೆಂದೇ ಭ್ರಮೆ. ಭಾನುವಾರ ಅಲ್ಲಿ ಸೇರುತ್ತಿದ್ದವರು ಹೊಲದ ಕೂಲಿಗಳು, ನೇಯುವವರು, ದಿಂಬಿನ ಮೇಲೆ ದಾರ ಹೆಣೆದು ಕಸೂತಿಯ ಅಂಚು ಮಾಡುವ ಹೆಂಗಸರು, ಜೋಡು ಹೊಲಿಯುವವರು. ಅವರೆದುರಿಗೆ ನಿಂತು ವೇದವಾಕ್ಯವನ್ನು ವಿವರಿಸುತ್ತಿದ್ದವನೂ ಬಹುಮಟ್ಟಿಗೆ ಅವರಂಥವನೇ. ಅವನೇ ಬ್ಯಾಪ್ಟಿಸ್ಟ್ ಸಭಾಪಾಲಕ.

ಬ್ಯಾಪ್ಟಿಸ್ಟರ ನಂಬಿಕೆಯ ಮುಖ್ಯ ಮಾತು ಇಷ್ಟೆ: ತೊಟ್ಟಿಲ ಕೂಸಿನ ತಲೆಯ ಮೇಲೆ ನೀರು ಚಿಮುಕಿಸಿದ ಮಾತ್ರಕ್ಕೆ ಅದು ಕ್ರೈಸ್ತನಾಗದು, ಬುದ್ಧಿ ಬಲಿತ ಮೇಲೆ, ತಾನೇ ನಂಬಿ, ತಾನೇ ಬಾಯಿಬಿಟ್ಟು ಹೇಳಿ, ಮೈಯೆಲ್ಲ ಮುಳುಗುವಂತೆ ನೀರಿಗಿಳಿದು ದೀಕ್ಷಾಸ್ನಾನ ಮಾಡಬೇಕು. ಹಾಗೆ ನೀರಿಗಿಳಿದವರೆಲ್ಲ ಸೇರಿ ಸಭೆ. ಸಭೆಗೆ ಬಿಷಪ್ಪನಿಲ್ಲ, ಮೇಲಿನಿಂದ ಪಾದ್ರಿಯನ್ನು ನೇಮಿಸಿ ಕಳುಹಿಸುವವರಿಲ್ಲ. ತಮಗೆ ಬೇಕಾದವನನ್ನು ಸದಸ್ಯರೇ ಆರಿಸುತ್ತಾರೆ, ಅವರೇ ಸಾಕುತ್ತಾರೆ, ಬೇಡವಾದರೆ ಅವರೇ ಬೀಳ್ಕೊಡುತ್ತಾರೆ. ಕೇಳುವುದಕ್ಕೆ ಬಹು ಸರಳವಾದ ಏರ್ಪಾಡು. ಆದರೆ ನಲವತ್ತು ಮಂದಿಯ ಸಭೆಯಲ್ಲಿ ಅನ್ನದಾತರೂ ಅವರೇ, ಶಿಷ್ಯರೂ ಅವರೇ, ನ್ಯಾಯಾಧೀಶರೂ ಅವರೇ ಆದಾಗ ಗುರುವಿನ ಪಾಡೇನು ಎಂಬುದನ್ನು ಅನುಭವಿಸಿದವನೇ ಬಲ್ಲ.

1689ರ ಸಹಿಷ್ಣುತಾ ಶಾಸನ ಇವರಿಗೆ ಪ್ರಾರ್ಥನೆಯ ಸ್ವಾತಂತ್ರ್ಯವನ್ನು ಕೊಟ್ಟಿತ್ತು. ಕೊಟ್ಟ ಕೈಯಲ್ಲಿ ಸಂಶಯವೂ ಇದ್ದಿತು: ಸಭೆ ಸೇರಿದಾಗ ಬಾಗಿಲಿಗೆ ಅಗಳಿ ಹಾಕಕೂಡದು. ಒಳಗೆ ರಾಜದ್ರೋಹದ ಮಂತ್ರಾಲೋಚನೆ ನಡೆದೀತೆಂಬ ಭಯ ಅಧಿಕಾರಿಗಳಿಗೆ. ಮದುವೆಯನ್ನಂತೂ ಊರ ಇಗರ್ಜಿಯಲ್ಲಿಯೇ ಮಾಡಿಕೊಳ್ಳಬೇಕೆಂದು 1753ರ ಕಾನೂನು ಹೇಳಿತು. ಅದು ಸಡಿಲವಾದುದು 1836ರ ಶಾಸನದಿಂದ. ಆಕ್ಸ್‌ಫರ್ಡಿನ ಬಾಗಿಲು ಇವರ ಮಕ್ಕಳಿಗೆ ಮುಚ್ಚಿತ್ತು. ಕೇಂಬ್ರಿಜ್ಜಿನಲ್ಲಿ ಓದಬಹುದಾಗಿತ್ತು, ಪದವಿ ಮಾತ್ರ ದೊರೆಯುತ್ತಿರಲಿಲ್ಲ. ಎಲ್ಲಕ್ಕಿಂತ ಕ್ರೂರವಾದುದು ಸಾವಿನ ವಿಷಯ. ದೀಕ್ಷಾಸ್ನಾನವಿಲ್ಲದೆ ಸತ್ತವರಿಗೆ ಶವಸಂಸ್ಕಾರದ ಪ್ರಾರ್ಥನೆ ಸಲ್ಲದೆಂದು ಇಗರ್ಜಿಯ ಪ್ರಾರ್ಥನಾಗ್ರಂಥದಲ್ಲಿ ವಿಧಿ ಇದ್ದಿತು. ಬ್ಯಾಪ್ಟಿಸ್ಟರಾದರೋ ಶಿಶುಗಳಿಗೆ ದೀಕ್ಷೆ ಕೊಡುವವರೇ ಅಲ್ಲ. ಹೀಗಾಗಿ ಜ್ವರದಲ್ಲಿ ಸತ್ತ ಎರಡು ವರ್ಷದ ಮಗುವನ್ನು ಹೊತ್ತು ತಂದ ತಂದೆಯ ಎದುರಿನಲ್ಲಿ ಊರ ಪಾದ್ರಿ ಬಾಯಿ ಮುಚ್ಚಿ ನಿಲ್ಲಬಹುದಾಗಿತ್ತು. ಬಾಯಿ ತೆರೆಯಬೇಕೆಂದಿದ್ದ ಸಭಾಪಾಲಕನಿಗೆ ಆ ನೆಲದಲ್ಲಿ ಬಾಯಿ ತೆರೆಯುವ ಹಕ್ಕಿರಲಿಲ್ಲ. ಸಭೆಗೆ ಸ್ವಂತದ ಸಮಾಧಿಭೂಮಿ ಇದ್ದಲ್ಲಿ ಸರಿ; ಇಲ್ಲದಲ್ಲಿ ಮೌನವಾಗಿ ಮಣ್ಣೆಳೆದು, ಮನೆಗೆ ಹಿಂದಿರುಗಿ, ಬಾಗಿಲ ಬಳಿ ಕುಳಿತು ಪ್ರಾರ್ಥಿಸುವುದು. ಈ ಅನ್ಯಾಯ ತೊಲಗಲು 1880ರ ವರೆಗೆ ಕಾಯಬೇಕಾಯಿತು. ಹಳ್ಳಿಯ ಸಭಾಪಾಲಕನ ಕೆಲಸವೇನೆಂದು ಕೇಳಿದರೆ ಉಪದೇಶವೆಂದು ಹೇಳುವುದು ವಾಡಿಕೆ. ಆದರೆ ಹಿಂದಿರುಗಿ ಬಂದ ಮೇಲೆ ಆ ಬಾಗಿಲ ಬಳಿ ಕುಳಿತುಕೊಳ್ಳುವುದು ಉಪದೇಶಕ್ಕಿಂತ ಕಷ್ಟದ ಕೆಲಸವಾಗಿದ್ದಿರಬೇಕು.

ಕೇಂಬ್ರಿಜ್ ಸೀಮೆಯ ಸೋಹಂ ಎಂಬ ಊರಿನಲ್ಲಿ 1770ರಲ್ಲಿ ನಡೆದ ಒಂದು ಪ್ರಸಂಗದಿಂದ ಇಂಥ ಸಭೆಯ ಒಳಬಾಳು ಚೆನ್ನಾಗಿ ತಿಳಿಯುತ್ತದೆ. ಸಭೆಯ ಸದಸ್ಯನೊಬ್ಬ ಕುಡಿದು ಮತ್ತನಾಗಿದ್ದನು. ಅದನ್ನು ಮೊದಲು ತಿಳಿದವರಲ್ಲಿ ಒಬ್ಬನು ಆಂಡ್ರೂ ಫುಲ್ಲರ್ ಎಂಬ ಹದಿನಾರು ವರ್ಷದ ಹುಡುಗ. ರೈತನ ಮಗ, ಕುಸ್ತಿಯ ಮೈಕಟ್ಟಿನವನು. ಹುಡುಗ ನೇರವಾಗಿ ಹೋಗಿ ಆ ಹಿರಿಯನನ್ನು ಕೇಳಿಯೇಬಿಟ್ಟನು. ಕುಡುಕನ ಉತ್ತರ ಸಿದ್ಧವಾಗಿತ್ತು: ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಮನುಷ್ಯನಿಗಿಲ್ಲ, ತಾನೇನು ಮಾಡಲಿ? ದೇವರ ಕೃಪೆಯ ಹೊರತು ಮನುಷ್ಯನಿಂದ ಏನೂ ಆಗದೆಂದು ವಾರವಾರವೂ ಕೇಳುತ್ತಿದ್ದ ಸಭೆ ಅದು. ಕುಡುಕ ಆ ತತ್ತ್ವವನ್ನೇ ತನ್ನ ಹೆಂಡದ ಗಡಿಗೆಗೆ ಮುಚ್ಚಳ ಮಾಡಿಕೊಂಡನು! ಅವನನ್ನು ಸಭೆಯಿಂದ ಹೊರಗೆ ಹಾಕಿದರು. ವ್ಯವಹಾರ ಅಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಮನುಷ್ಯನಿಗೆ ಪಾಪದಿಂದ ದೂರವಿರುವ ಶಕ್ತಿಯುಂಟೆ, ಇಲ್ಲವೆ? ಹೊರಗಿನ ನಡತೆಯ ಮಟ್ಟಿಗಾದರೂ ಉಂಟೆಂದು ಸಭಾಪಾಲಕ ಜಾನ್ ಈವ್ ಹೇಳಿದನು. ಸದಸ್ಯರಲ್ಲಿ ಹಲವರು ಅವನಿಗೆ ತಿರುಗಿ ಬಿದ್ದರು. ಕೂಲಿ ಮಾಡಿ ಬಂದವರು ಸಂಜೆ ದೀಪದ ಬೆಳಕಿನಲ್ಲಿ ಕುಳಿತು ದೈವಸಂಕಲ್ಪ, ಪುರುಷಪ್ರಯತ್ನಗಳ ವಾದ ಹೂಡಿದರು. ಮರುವರ್ಷದ ಅಕ್ಟೋಬರಿನಲ್ಲಿ ಈವ್ ಸಭೆಯನ್ನು ಬಿಟ್ಟು ಹೊರಟುಹೋದನು. ಒಬ್ಬನ ಕುಡಿತದಿಂದ ಊರೊಂದು ತನ್ನ ಗುರುವನ್ನು ಕಳೆದುಕೊಂಡಿತು.

ನಾಲ್ಕು ವರ್ಷದ ಮೇಲೆ, 1775ರ ಮೇ ತಿಂಗಳಿನಲ್ಲಿ, ಅದೇ ಸಭೆ ಅದೇ ಫುಲ್ಲರನನ್ನು ತನ್ನ ಸಭಾಪಾಲಕನನ್ನಾಗಿ ಮಾಡಿಕೊಂಡಿತು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಸಂಬಳ ಸಂಸಾರಕ್ಕೆ ಸಾಲದೆ ಚಿಕ್ಕ ಅಂಗಡಿಯೊಂದನ್ನು ಇಟ್ಟನು. ಅದೂ ಕೈಹತ್ತದಿರಲು ಶಾಲೆಯೊಂದನ್ನು ತೆರೆದನು. ಕೆಟರಿಂಗ್ ಪಟ್ಟಣದ ಸಭೆಯಿಂದ ಕರೆ ಬಂದಾಗ ಬೇರೆಯವರಾದರೆ ಮರುದಿನವೇ ಗಂಟು ಕಟ್ಟುತ್ತಿದ್ದರು. ಫುಲ್ಲರ್ ಹೋಗಲೋ ಬೇಡವೋ ಎಂದು ವರ್ಷಕ್ಕಿಂತ ಹೆಚ್ಚು ಕಾಲ ನರಳಿದನು. ಅನ್ನ ಹಾಕಲಾರದ ನಲವತ್ತು ಮಂದಿಯನ್ನು ಬಿಟ್ಟುಹೋಗಲು ಅವನ ಮನಸ್ಸು ಒಪ್ಪಲೊಲ್ಲದು. ಕಡೆಗೆ 1782ರಲ್ಲಿ ಕೆಟರಿಂಗಿಗೆ ಹೋದನು. ಕುಡುಕನ ಪ್ರಶ್ನೆ ಮಾತ್ರ ಅವನನ್ನು ಬಿಡಲಿಲ್ಲ. ಆ ಪ್ರಶ್ನೆಗೆ ಉತ್ತರವಾಗಿ ಅವನು ಬರೆದ ಗ್ರಂಥ 1785ರಲ್ಲಿ ಅಚ್ಚಾಗಿ, ಇಂಗ್ಲೆಂಡಿನ ಬ್ಯಾಪ್ಟಿಸ್ಟರ ಯೋಚನೆಯ ದಾರಿಯನ್ನೇ ಬದಲಿಸಿತು.

ಅದೇ 1785ರಲ್ಲಿ ನಾರ್ತಾಂಪ್ಟನ್ ಸೀಮೆಯ ಮೌಲ್ಟನ್ ಎಂಬ ಹಳ್ಳಿಗೆ ಇಪ್ಪತ್ತಮೂರರ ತರುಣನೊಬ್ಬ ಹೆಂಡತಿಯೊಡನೆ ಬಂದು ನೆಲೆಸಿದನು. ಹೆಸರು ವಿಲಿಯಂ ಕೇರಿ. ಕನ್ನಡದ ಕಿವಿಗೆ ಓಣಿಯ ಹೆಸರಿನಂತೆ ಕೇಳಿಸುವ ಈ ಮನುಷ್ಯನಿಗೆ ಮುಂದೆ ಕನ್ನಡದೊಡನೆಯೂ ಸಂಬಂಧ ಬರಲಿದ್ದಿತು. ಅಂದು ಅವನು ಬರಿಯ ಮೋಚಿ. ತಂದೆ ಎಡ್ಮಂಡ್ ಕೇರಿ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ಮೊದಲು ನೇಕಾರನಾಗಿದ್ದು, ಬಳಿಕ ಊರ ಇಗರ್ಜಿಯ ಗುಮಾಸ್ತನೂ ಶಾಲೆಯ ಉಪಾಧ್ಯಾಯನೂ ಆದವನು. ಇಗರ್ಜಿಯ ಅನ್ನ ತಿಂದ ಮನೆಯ ಹಿರಿಯ ಮಗ, ಜೋಡು ಹೊಲಿಯುವುದನ್ನು ಕಲಿಯಲು ಹೋದಲ್ಲಿ ಜೊತೆಗಾರನ ಮಾತು ಕೇಳಿ ಇಗರ್ಜಿಯನ್ನೇ ಬಿಟ್ಟನು. 1783ರ ಅಕ್ಟೋಬರ್ 5ರಂದು ನಾರ್ತಾಂಪ್ಟನ್ನಿನ ನೆನ್ ನದಿಯಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಹರಳಯ್ಯನ ಹೆಸರನ್ನು ಬಲ್ಲ ಕನ್ನಡಿಗರಿಗೆ ಜೋಡು ಹೊಲಿಯುವ ಕೈ ಧರ್ಮಗ್ರಂಥವನ್ನು ಹಿಡಿದುದರಲ್ಲಿ ಆಶ್ಚರ್ಯವೇನೂ ತೋರದು. ಅಂದಿನ ಇಂಗ್ಲೆಂಡಿನ ದೊಡ್ಡ ಮನುಷ್ಯರಿಗೆ ಅದು ನಗೆಯ ವಿಷಯವಾಗಿತ್ತು.

ದೊಡ್ಡವರು ನಕ್ಕರೆ ನಗಲಿ, ಬಡವರಾದರೂ ಸುಲಭವಾಗಿ ಒಪ್ಪಿದರೆ? ಅದೂ ಇಲ್ಲ. ಕೇರಿ ಸದಸ್ಯನಾಗಿ ಸೇರಿದ ಓಲ್ನಿಯ ಸಭೆ 1785ರ ಬೇಸಿಗೆಯಲ್ಲಿ ಅವನ ಉಪದೇಶವನ್ನು ಪರೀಕ್ಷೆಗಾಗಿ ಕೇಳಿತು. ತೀರ್ಪು: ಸದ್ಯಕ್ಕೆ ಸಾಲದು, ಅಲ್ಲಲ್ಲಿ ಮಾತನಾಡುತ್ತಿರಲಿ, ಮತ್ತೊಮ್ಮೆ ಬಂದು ಹೇಳಲಿ. ಒಂದು ವರ್ಷ ಕಳೆದ ಮೇಲೆ, 1786ರ ಆಗಸ್ಟಿನಲ್ಲಿ, ಅನುಮತಿ ದೊರೆಯಿತು. ಮುಂದೆ ಸಂಸ್ಕೃತ, ಬಂಗಾಳಿಗಳ ಅಧ್ಯಾಪಕನಾದವನನ್ನು ಕಸೂತಿ ಹೆಣೆಯುವವರ ಸಭೆ ಮೊದಲ ಪರೀಕ್ಷೆಯಲ್ಲಿ ತೇರ್ಗಡೆ ಮಾಡಲಿಲ್ಲ! ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ತಮ್ಮ ಸುಖದುಃಖಗಳನ್ನು ಒಪ್ಪಿಸಬೇಕಾದವನನ್ನು ಎರಡು ಸಲ ತೂಗಿ ನೋಡಿದುದು ತಪ್ಪೆಂದು ಹೇಳಲು ಬರುವಂತಿಲ್ಲ. 1787ರ ಆಗಸ್ಟ್ 1ರಂದು ಮೌಲ್ಟನ್ನಿನಲ್ಲಿ ಅವನಿಗೆ ವಿಧಿಪೂರ್ವಕವಾಗಿ ಪಟ್ಟವಾಯಿತು. ನಾರ್ತಾಂಪ್ಟನ್ನಿನ ರೈಲೆಂಡ್, ಓಲ್ನಿಯ ಸಟ್‌ಕ್ಲಿಫ್, ಕೆಟರಿಂಗಿನ ಫುಲ್ಲರ್ ಮೂವರೂ ಬಂದಿದ್ದರು.

ಪಟ್ಟವೇನೋ ಆಯಿತು, ಹೊಟ್ಟೆಗೆ? ಸಭೆಯವರು ಕೂಡಿಸಿ ಕೊಡಬಲ್ಲುದು ವರ್ಷಕ್ಕೆ ಹತ್ತು ಹನ್ನೊಂದು ಪೌಂಡು. ಬಡ ಸಭೆಗಳಿಗೆ ನೆರವಾಗಲು ಲಂಡನ್ನಿನಲ್ಲಿದ್ದ ನಿಧಿಯಿಂದ ಐದು ಪೌಂಡು. ಹೊಲದ ಕೂಲಿಗೂ ಆ ಕಾಲದಲ್ಲಿ ಇದಕ್ಕಿಂತ ಹೆಚ್ಚು ಹುಟ್ಟುತ್ತಿದ್ದಿತು. ಊರಿನಲ್ಲಿ ಉಪಾಧ್ಯಾಯನಿಲ್ಲದಿದ್ದುದರಿಂದ ಕೇರಿ ಶಾಲೆಯನ್ನು ತೆರೆದನು. ಅದರಿಂದ ವಾರಕ್ಕೆ ಏಳೂವರೆ ಷಿಲ್ಲಿಂಗು ಬಂದರೆ ಹಬ್ಬ. ಹಳೆಯ ಉಪಾಧ್ಯಾಯ ಊರಿಗೆ ಹಿಂದಿರುಗಿದೊಡನೆ ಮಕ್ಕಳೂ ಅವನ ಬಳಿಗೆ ಹಿಂದಿರುಗಿದರು. ಕೇರಿಗೆ ಮಕ್ಕಳನ್ನು ಗದರಿಸಿ ಅಂಕೆಯಲ್ಲಿಡುವ ವಿದ್ಯೆ ಬರುತ್ತಿರಲಿಲ್ಲ. ತಾನು ಶಾಲೆಯನ್ನು ಆಳಿದುದಕ್ಕಿಂತ ಶಾಲೆಯೇ ತನ್ನನ್ನು ಆಳಿದುದು ಹೆಚ್ಚೆಂಬ ಅರ್ಥದ ಮಾತನ್ನು ಅವನೇ ಮುಂದೆ ಆಡಿದ್ದುಂಟು. ಪುನಃ ತೊಗಲು, ಉಳಿ, ಮೇಣದ ದಾರ. ಕೆಟರಿಂಗಿನಲ್ಲಿ ಸೈನ್ಯಕ್ಕೆ ಪಾದರಕ್ಷೆ ಒದಗಿಸುವ ಗುತ್ತಿಗೆದಾರ ಥಾಮಸ್ ಗೋಚ್ ಎಂಬವನಿದ್ದನು. ಅವನಿಗಾಗಿ ಹೊಲಿದ ಜೋಡುಗಳನ್ನು ಚೀಲದಲ್ಲಿ ತುಂಬಿ ಹೆಗಲಿಗೇರಿಸಿ ಒಯ್ಯುವುದು, ಮರಳುವಾಗ ತೊಗಲು ಹೊತ್ತು ತರುವುದು. ತಿಂಗಳುಗಟ್ಟಲೆ ಮನೆಯಲ್ಲಿ ಮಾಂಸದ ವಾಸನೆಯಿಲ್ಲ. ಆ ದೇಶದಲ್ಲಿ ಅದು ಬಡತನದ ಕೊನೆಯ ಮೆಟ್ಟಿಲು. ಕೇರಿ ಮನೆಯ ಹಿಂದೆ ತರಕಾರಿ ಬೆಳೆಯುತ್ತಿದ್ದುದು ಹವ್ಯಾಸಕ್ಕಾಗಿ ಮಾತ್ರವೇ ಅಲ್ಲ.

ಇಷ್ಟರ ನಡುವೆ ಸಭೆಯ ಕೆಲಸ. ಭಾನುವಾರ ಒಂದಕ್ಕಿಂತ ಹೆಚ್ಚು ಉಪದೇಶ. ಸುತ್ತಲ ಹಳ್ಳಿಗಳಿಗೆ ನಡೆದುಹೋಗಿ ಹೇಳುವುದು ಬೇರೆ. ರೋಗಿಗಳ ಬಳಿ ಕುಳಿತುಕೊಳ್ಳುವುದು. ಸಭೆಗೆ ಸೇರಲು ಬಂದವರ ಬಾಯಿಂದ ಅವರ ಅನುಭವವನ್ನು ಕೇಳುವುದು. ಹೇಳಲು ತೊದಲುವವರಿಗೆ ಧೈರ್ಯ ಹೇಳುವುದು. ಊರು ಬಿಟ್ಟುಹೋಗುವ ಸದಸ್ಯನಿಗೆ ಹೋದ ಊರಿನ ಸಭೆಗೆ ಒಪ್ಪಿಗೆಯ ಪತ್ರ ಬರೆದುಕೊಡುವುದು. ಸಾಲ ತೀರಿಸದವನು, ಹೆಂಡತಿಯನ್ನು ಹೊಡೆದವನು, ನೆರೆಯವಳ ಮೇಲೆ ಚಾಡಿ ಹೇಳಿದವಳು — ಇವರೆಲ್ಲರ ವಿಚಾರಣೆ ಇಂಥ ಸಭೆಗಳ ಮುಂದೆ ಬರುತ್ತಿದ್ದಿತು. ನಡೆದುದನ್ನು ಸಭೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನ್ಯಾಯ ಹೇಳುವಾಗ ಸಭಾಪಾಲಕ ಒಂದು ಸಂಗತಿಯನ್ನು ಮರೆಯುವಂತಿರಲಿಲ್ಲ: ಇಂದು ತಪ್ಪಿತಸ್ಥನಾಗಿ ಎದುರಿಗೆ ನಿಂತವನೇ ನಾಳೆ ಸಂಬಳದ ತಟ್ಟೆಗೆ ನಾಣ್ಯ ಹಾಕಬೇಕಾದವನು. ಮೌಲ್ಟನ್ನಿಗೆ ಕೇರಿ ಬಂದಾಗ ಸಭೆ ಸೊರಗಿತ್ತು, ಮಂದಿರ ಜೀರ್ಣವಾಗಿತ್ತು. ಅವನ ಮಾತು ಕೇಳಲು ಜನ ಹೆಚ್ಚಿದರು. ಮಂದಿರವನ್ನು ಮತ್ತೆ ಕಟ್ಟಬೇಕಾಯಿತು. ಅದಕ್ಕಾಗಿ ನೆರೆಹೊರೆಯ ಸಭೆಗಳ ಮುಂದೆ ಕೈಚಾಚುವ ಹೊಣೆಯೂ ಅವನದೇ.

ಕೆಲಸದ ಕೋಣೆಯ ಗೋಡೆಯ ಮೇಲೆ ಅವನು ಹಲವು ಹಾಳೆಗಳನ್ನು ಅಂಟಿಸಿ, ಅದರಲ್ಲಿ ಭೂಪಟ ಬರೆದು ತೂಗುಹಾಕಿದ್ದನು. ಕ್ಯಾಪ್ಟನ್ ಕುಕ್ಕನ ಸಮುದ್ರಯಾನದ ವೃತ್ತಾಂತವನ್ನು ಓದಿದ್ದುದರ ಫಲ ಅದು. ಯಾವ ದೇಶದಲ್ಲಿ ಎಷ್ಟು ಜನ, ಯಾವ ಧರ್ಮ, ಎಂಥ ನಡವಳಿಕೆ ಎಂಬುದನ್ನು ಓದಿದಾಗಲೆಲ್ಲ ಆಯಾ ದೇಶದ ಚೌಕದಲ್ಲಿ ಗುರುತು ಹಾಕುತ್ತಿದ್ದನು. ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳ ಅಭ್ಯಾಸವೂ ಅಲ್ಲಿಯೇ. ಈ ಕೋಣೆಯ ಲೆಕ್ಕಾಚಾರ 1792ರಲ್ಲಿ 87 ಪುಟಗಳ ಒಂದು ಪುಸ್ತಕವಾಗಿ ಹೊರಬಂದಿತು. ಅದೇ ವರ್ಷ ಅಕ್ಟೋಬರ್ 2ರಂದು ಕೆಟರಿಂಗಿನಲ್ಲಿ ಫುಲ್ಲರ್ ಮೊದಲಾದವರು ಸೇರಿ ಹೊರದೇಶಗಳಿಗೆ ಉಪದೇಶಕರನ್ನು ಕಳುಹಿಸುವ ಸಂಘವನ್ನು ಕಟ್ಟಿದರು. ಅಂದು ಕೂಡಿದ ವಾಗ್ದಾನದ ಹಣ 13 ಪೌಂಡು, 2 ಷಿಲ್ಲಿಂಗು, 6 ಪೆನ್ಸು. ಈ ಕಥೆ ಅನೇಕ ಗ್ರಂಥಗಳಲ್ಲಿ ಬಂದಿದೆ; ಇಲ್ಲಿ ಬೆಳೆಸಬೇಕಾಗಿಲ್ಲ.

ಆದರೆ ಆ ಗ್ರಂಥಗಳು ಬೇಗಬೇಗನೆ ದಾಟಿಹೋಗುವ ವ್ಯಕ್ತಿಯೊಬ್ಬಳಿದ್ದಾಳೆ. ಡೊರೊಥಿ ಪ್ಲಾಕೆಟ್, ಕೇರಿಯ ಹೆಂಡತಿ. 1781ರ ಜೂನ್ 10ರಂದು ಪಿಡಿಂಗ್ಟನ್ನಿನ ಇಗರ್ಜಿಯಲ್ಲಿ ಮದುವೆಯಾದಾಗ ಗಂಡನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆಕೆ ಅವನಿಗಿಂತ ಐದಾರು ವರ್ಷ ದೊಡ್ಡವಳು. ವಿವಾಹದ ದಫ್ತರದಲ್ಲಿ ಸಹಿಗೆ ಬದಲು ಒಂದು ಅಡ್ಡಗೀಟು, ಒಂದು ಉದ್ದಗೀಟು ಎಳೆದಳು. ಮೊದಲ ಮಗು ಜ್ವರದಲ್ಲಿ ಹೋಯಿತು. ಮೌಲ್ಟನ್ನಿನ ಬಡತನದಲ್ಲಿ ಫೀಲಿಕ್ಸ್, ವಿಲಿಯಂ, ಪೀಟರ್ ಎಂಬ ಮೂವರು ಹುಟ್ಟಿದರು. ಅಲ್ಲಿಯೇ 1787ರಲ್ಲಿ ಗಂಡನ ಕೈಯಿಂದಲೇ ಆಕೆಗೆ ದೀಕ್ಷಾಸ್ನಾನವಾಯಿತು. ಹತ್ತು ಪೌಂಡಿನಲ್ಲಿ ವರ್ಷವನ್ನು ನೂಕಿದವನು ಸಭಾಪಾಲಕನೆಂದು ಚರಿತ್ರೆ ಹೇಳುತ್ತದೆ. ಅಡಿಗೆಮನೆಯನ್ನು ಬಲ್ಲವರು ಬೇರೆ ರೀತಿ ಹೇಳಿಯಾರು. ಸಭೆ ಆರಿಸಿದ್ದು ಗಂಡನನ್ನು. ಪರೀಕ್ಷೆ, ಪಟ್ಟ ಎಲ್ಲವೂ ಅವನಿಗೆ. ಆಕೆಯನ್ನು ಯಾರೂ ಕೇಳಲಿಲ್ಲ, ಆದರೆ ಸಭೆಯ ಬಡತನದ ದೊಡ್ಡ ಪಾಲು ಆಕೆಯ ಒಲೆಯ ಮೇಲೆಯೇ ಬೇಯಬೇಕಾಗಿತ್ತು.

1789ರಲ್ಲಿ ಲೆಸ್ಟರ್ ಪಟ್ಟಣದ ಸಭೆ ಕರೆಯಿತು. ಫುಲ್ಲರನಂತೆಯೇ ಕೇರಿಯೂ ಹಳ್ಳಿಯನ್ನು ಬಿಟ್ಟನು. ನಾಲ್ಕು ವರ್ಷ ಕಳೆಯುವುದರೊಳಗೆ ಭಾರತಕ್ಕೆ ಹೊರಡುವ ಮಾತು. ಎಂದೂ ಸಮುದ್ರವನ್ನು ಕಂಡರಿಯದ ಡೊರೊಥಿ, ಹೊಟ್ಟೆಯಲ್ಲಿ ಮಗುವಿದ್ದುದರಿಂದ, ಬರುವುದಿಲ್ಲವೆಂದಳು. ಗಂಡ ಹಿರಿಯ ಮಗನೊಬ್ಬನನ್ನು ಕರೆದುಕೊಂಡು ಹೊರಟೇಬಿಟ್ಟನು. ಕಂಪೆನಿಯ ಪರವಾನೆಯಿಲ್ಲದ ಪ್ರಯಾಣಿಕರೆಂದು ಹಡಗಿನವರು ಅವರನ್ನು ಇಳಿಸಿದುದರಿಂದ ಕೆಲವು ವಾರ ತಡವಾಯಿತು, ಅಷ್ಟರಲ್ಲಿ ಹೆರಿಗೆಯಾಗಿತ್ತು. ಮತ್ತೆ ಬಂದು ಒತ್ತಾಯಿಸಿದಾಗ, ತಂಗಿ ಕಿಟ್ಟಿಯೂ ಜೊತೆಗೆ ಬರುವುದಾದರೆ ಎಂದು ಡೊರೊಥಿ ಒಪ್ಪಿದಳು. 1793ರ ಜೂನಿನಲ್ಲಿ ಡೇನರ ಹಡಗು ಹತ್ತಿ ನವೆಂಬರಿನಲ್ಲಿ ಕಲ್ಕತ್ತೆ ಸೇರಿದರು. ಮರುವರ್ಷ ಬಂಗಾಳದ ನೀಲಿಯ ಕಾರಖಾನೆಯ ಊರಿನಲ್ಲಿ ಐದು ವರ್ಷದ ಪೀಟರ್ ಸತ್ತನು. ಡೊರೊಥಿಯ ಬುದ್ಧಿ ಅಲ್ಲಿಂದ ಮುಂದೆ ಕದಡಿತು, ಮತ್ತೆ ತಿಳಿಯಾಗಲಿಲ್ಲ. ಹದಿಮೂರು ವರ್ಷದ ಬಳಿಕ, 1807ರ ಡಿಸೆಂಬರಿನಲ್ಲಿ, ಶ್ರೀರಾಮಪುರದಲ್ಲಿ ತೀರಿಕೊಂಡಳು. ಒಂದು ಕೋಣೆಯಲ್ಲಿ ಕೇರಿ ಭಾಷಾಂತರ ಮಾಡುತ್ತಿದ್ದರೆ, ಪಕ್ಕದ ಕೋಣೆಯಿಂದ ಆಕೆಯ ಕೂಗು ಕೇಳುತ್ತಿತ್ತೆಂದು ಜೊತೆಯಲ್ಲಿದ್ದವರು ಬರೆದಿದ್ದಾರೆ. ಅವನ ಸ್ಥೈರ್ಯವನ್ನು ಮೆಚ್ಚುವುದಕ್ಕಾಗಿಯೇ ಅವರು ಅದನ್ನು ಬರೆದುದು. ಆದರೆ ಸೋಹಂನ ನಲವತ್ತು ಮಂದಿಗಾಗಿ ಫುಲ್ಲರ್ ವರ್ಷಗಟ್ಟಲೆ ಪಟ್ಟ ಮನೋವೇದನೆಯಲ್ಲಿ ಸ್ವಲ್ಪವನ್ನಾದರೂ ಕೇರಿ ಲೆಸ್ಟರಿನ ಮನೆಯ ಬಾಗಿಲಲ್ಲಿ ಪಟ್ಟಿದ್ದರೆ ಚೆನ್ನಾಗಿತ್ತೆಂದು ಓದುಗರಲ್ಲಿ ಯಾರಾದರೂ ಹೇಳಿದರೆ ಅದನ್ನು ಅಲ್ಲಗಳೆಯುವುದು ಕಷ್ಟ.

ಹಳ್ಳಿಯಲ್ಲಿ ಕಲಿತ ಅಭ್ಯಾಸಗಳನ್ನು ಕೇರಿ ಕೊನೆಯವರೆಗೂ ಬಿಡಲಿಲ್ಲ. ಮೌಲ್ಟನ್ನಿನ ತರಕಾರಿಯ ಹಿತ್ತಲು ಶ್ರೀರಾಮಪುರದಲ್ಲಿ ದೊಡ್ಡ ಸಸ್ಯೋದ್ಯಾನವಾಯಿತು. ತೊಗಲು ಕೊಯ್ಯುವ ಹಲಗೆಯ ಪಕ್ಕದಲ್ಲಿ ಪುಸ್ತಕವಿಟ್ಟುಕೊಂಡು ಒಂದೊಂದೇ ಭಾಷೆಯನ್ನು ಹಿಡಿದ ಛಲ ಪಂಡಿತರ ನಡುವೆ ಕುಳಿತು ಇನ್ನೂ ಹತ್ತಾರು ಭಾಷೆಗಳ ಬೆನ್ನು ಹತ್ತಿತು. ಅವುಗಳಲ್ಲಿ ಕನ್ನಡವೂ ಒಂದು. ಅವನ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡ ಅಚ್ಚಿನ ಚರಿತ್ರೆಯನ್ನು ಬರೆಯುವವರು ಮೊದಲ ಪುಟಗಳಲ್ಲಿಯೇ ಹೆಸರಿಸುವ ಪುಸ್ತಕ ಅದು. ಕೇಶಿರಾಜನ ಸೂತ್ರಗಳ ಬೆಡಗನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಹೊರಗಿನಿಂದ ಬಂದವನು ಹೊರಗಿನಿಂದ ಬರುವವರಿಗಾಗಿ ಬರೆದುದು.

ಗೌವರ್ನರ್ ಜನರಲನ ಮನೆಯ ಔತಣವೊಂದಕ್ಕೆ ಕೇರಿ ಹೋಗಿದ್ದಾಗ ನಡೆದುದೆಂದು ಒಂದು ಕಥೆಯನ್ನು ಹೇಳುತ್ತಾರೆ. ಈ ಪಂಡಿತ ಹಿಂದೆ ಜೋಡು ಮಾಡುವವನಾಗಿದ್ದನಲ್ಲವೆ ಎಂದು ಸೇನಾಧಿಕಾರಿಯೊಬ್ಬ, ಎಲ್ಲರಿಗೂ ಕೇಳಿಸುವಂತೆ, ಪಕ್ಕದವನನ್ನು ಕೇಳಿದನಂತೆ. ಕೇರಿ ಎದ್ದು ಅವನ ಬಳಿಗೆ ಹೋಗಿ, ಇಲ್ಲ ಸ್ವಾಮಿ, ಜೋಡು ಮಾಡುವಷ್ಟು ದೊಡ್ಡವನಾಗಿರಲಿಲ್ಲ, ಹರಿದುದಕ್ಕೆ ತೇಪೆ ಹಾಕುವವನಾಗಿದ್ದೆನಷ್ಟೆ ಎಂದನಂತೆ.